ಹೂಂ ಅನ್ನುವವರಿಗೆ ಬಿಟ್ಟ ಜಾಗ

ಜನವರಿ ೧೮, ಭಾನುವಾರ. ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ಕೌಲ್ ಬಜಾರಿನ ನಮ್ಮ ಮನೆಯ ಮಹಡಿ ಮೆಟ್ಟಿಲ ಮೇಲೆ ಕೂತು ಇದನ್ನು ಶುರು ಮಾಡಿದ್ದೇನೆ. ಕೆಳಗೆ ಯಾರದೋ ಆಟೊ ನಾಲ್ಕು ಸಲ ಕೆಮ್ಮಿ ಐದನೆಯ ಸಲಕ್ಕೆ ಹೊರಟಿತು. ಇಂಥದ್ದನ್ನೆಲ್ಲ ಬರೆದಿಟ್ಟು ಏನು ಮಾಡುತ್ತೀ ಎಂದು ಅವ್ವ ಕೇಳುತ್ತಾಳೆ. ಏಳನೇ ತರಗತಿಯಿಂದ ದಿನಚರಿ ಬರೆಯುತ್ತೇನೆ, ಎಣಿಸಬಹುದಾದದ್ದನ್ನು ಎಣಿಸುತ್ತೇನೆ. ಕೆಲವರು ಉಗುರು ಕಚ್ಚುತ್ತಾರಲ್ಲ, ಹಾಗೆ.

ಉಗುರು ಕಚ್ಚುವುದಕ್ಕಿಂತ ಕೆಟ್ಟ ಚಟ ಇನ್ನೊಂದಿದೆ. ಮೊನ್ನೆ ಅದನ್ನು ಎತ್ತಿ ತೋರಿಸಿದವಳು ನನ್ನ ಜೊತೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಶಿವಲೀಲಾ.

"ಶಮ್ಮು, ಆ ಪೇಷಂಟ್ ಹತ್ರ ನೀನು ಎಷ್ಟು ಸಲ ಹೂಂ ಅಂದಿ ಗೊತ್ತೇನ?"

"ಎಷ್ಟು?"

"ನಾ ಎಣಿಸಾಕ ನಿನ್ನಂಗ ಹುಚ್ಚಿ ಅದೀನೇನ? ಭಾಳ ಅಂದಿ. ಅಂವ ಸಕ್ಕರಿ ಪರೀಕ್ಷೆಗೆ ಬಂದಾಂವ. ಅಣ್ಣತಮ್ಮರ ಹೊಲದ ಜಗಳ ಹೇಳಿದ, ಬೀಗರ ಸುದ್ದಿ ಹೇಳಿದ, ಎಮ್ಮಿ ಕಳದದ್ದು ಹೇಳಿದ. ಸೂಜಿ ಚುಚ್ಚಿದ್ದ ಗೊತ್ತಾಗಲಿಲ್ಲ ಅವಂಗ. ಹೊರಗ ಹನ್ನೆರಡು ಮಂದಿ ಕಾಯಾಕತ್ತಾರ!"

ಹನ್ನೊಂದು ಮಂದಿ. ಆದರೆ ನಾನು ತಿದ್ದಲಿಲ್ಲ.

ಶಿವಲೀಲಾ ಹೇಳಿದ್ದು ನಿಜ. ಎದುರಿಗೆ ಯಾರಾದರೂ ಮಾತು ಶುರು ಮಾಡಿದರೆ ಸಾಕು, ನನ್ನ ಗಂಟಲಿನಿಂದ ಹೂಂ ತಾನಾಗಿ ಹೊರಡುತ್ತದೆ. ಅದು ಒಪ್ಪಿಗೆಯ ಹೂಂ ಅಲ್ಲ, ಮುಂದೆ ಹೇಳಿ ಎನ್ನುವ ಹೂಂ. ಒಮ್ಮೆ ಬ್ಯಾಂಕಿನವರು ಫೋನ್ ಮಾಡಿ ಯಾವುದೋ ವಿಮೆಯ ವಿಷಯ ಹೇಳುತ್ತಿದ್ದಾಗ ಇದೇ ಹೂಂ ಕೇಳಿ, ನಾನು ಒಪ್ಪಿದೆನೆಂದು ತಿಳಿದು ಕಾಗದಪತ್ರದ ಸಮೇತ ಮನೆಗೇ ಬಂದುಬಿಟ್ಟಿದ್ದರು. ಈ ಚಟ ನನಗೆ ತಾನಾಗಿ ಅಂಟಿದ್ದಲ್ಲ. ಕಲಿಸಿದ್ದು, ಬೈದು ಕಲಿಸಿದ್ದು. ಕಲಿಸಿದವಳು ದೇಶನೂರಿನ ನಮ್ಮ ದೊಡ್ಡವ್ವ, ಅವ್ವನ ಅಕ್ಕ, ಮಾಬವ್ವ.

ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ಹಿಂಜುವ ಬಿಲ್ಲಿನ ಢುಂಯ್ ಢುಂಯ್ ಸದ್ದು ನಿಂತು ಬಹಳ ವರ್ಷವಾಯಿತು, ಈಗ ಆ ಕೆಲಸ ಬಳ್ಳಾರಿಯ ಯಂತ್ರದ್ದು. ಆದರೆ ಹೊಲಿಗೆ ಇನ್ನೂ ದೇಶನೂರಿನಲ್ಲಿ, ದೊಡ್ಡವ್ವನ ಪಡಸಾಲೆಯಲ್ಲೇ ನಡೆಯುತ್ತದೆ. ಅವ್ವನ ತಮ್ಮ ಖಾಜಾ ಮಾವ ತನ್ನ ಗೂಡ್ಸ್ ಗಾಡಿಯಲ್ಲಿ ಅರಳೆಯ ಮೂಟೆ ಒಯ್ದು ಹಾಕುತ್ತಾನೆ, ಹೊಲಿದ ಗಾದಿಗಳನ್ನು ತಂದು ಕೌಲ್ ಬಜಾರಿನ ಅಂಗಡಿಗೆ ಇಳಿಸುತ್ತಾನೆ. ನಾನು ಚಿಕ್ಕವಳಿದ್ದಾಗ ಬೇಸಿಗೆ ರಜೆ ಬಂತೆಂದರೆ ಆ ಮೂಟೆಗಳ ಮೇಲೆ ಕೂತು ದೇಶನೂರಿಗೆ ಹೋಗುತ್ತಿದ್ದೆ. ಇಳಿಯುವಾಗ ತಲೆತುಂಬ ಅರಳೆ. ದೊಡ್ಡವ್ವ ನೋಡಿ, "ಬಾರವ್ವ ಮುದುಕಿ," ಎನ್ನುತ್ತಿದ್ದಳು.

ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಒಂದು ದೊಡ್ಡ ಗಾದಿ ಹಾಸಿ, ಸುತ್ತ ಮೂವರು ನಾಲ್ವರು ಹೆಂಗಸರು ದಬ್ಬಣ ಹಿಡಿದು ಕೂರುತ್ತಿದ್ದರು. ಆಗ ದೊಡ್ಡವ್ವನ ಕತೆ ಶುರು. ಕತೆಗೆ ಒಂದು ಕಟ್ಟಳೆ ಇತ್ತು. ಕೇಳುವವರಲ್ಲಿ ಒಬ್ಬರು ಹೂಂ ಅನ್ನಬೇಕು. ಹೂಂ ನಿಂತರೆ ಕತೆ ನಿಂತಿತು. ಆದರೆ ಹೊಲಿಯುವ ಹೆಂಗಸರಿಗೆ ಹೂಂ ಅನ್ನಲು ಬಾಯಿ ಬಿಡುವಿರಲಿಲ್ಲ, ಎಲ್ಲರ ತುಟಿಯ ನಡುವೆಯೂ ದಾರದ ತುದಿ. ಹಾಗಾಗಿ ಅಲ್ಲಿ ಬಾಯಿ ಖಾಲಿ ಇದ್ದವಳು ನಾನೊಬ್ಬಳೇ. ಏಳನೇ ವಯಸ್ಸಿಗೆ ನನಗೆ ಸಿಕ್ಕ ಮೊದಲ ನೌಕರಿ ಅದು.

ಸುಲಭದ ನೌಕರಿಯಲ್ಲ. ನಾನು ಅವಸರ ಮಾಡಿದರೆ, "ಏ ಶಮ್ಮು, ಕತಿ ಇನ್ನೂ ಹೊಳಿ ನಡುವ ಐತಿ, ನಿನ್ನ ಹೂಂ ಆಗಲೇ ಆಚಿ ದಂಡಿಗೆ ಹೋಗಿ ಕುಂತೈತಿ!" ಎಂದು ಬೈಗುಳ. ತಡ ಮಾಡಿದರೆ, "ಏನ, ಹೂಂ ಬಸ್ಸಿನ್ಯಾಗ ಬರಾಕತ್ತೈತೇನ?" ಹೆದರಿಕೆಯ ಜಾಗದಲ್ಲಿ ಸಣ್ಣ ಹೂಂ, ಮದುವೆಯ ಜಾಗದಲ್ಲಿ ಉದ್ದ ಹೂಂ, ಯಾರಾದರೂ ಮೋಸ ಮಾಡುವಾಗ ಮೂಗಿನಿಂದ ಎಳೆದ ಹ್ಞೂಂ. ನಾನು ತೂಕಡಿಸುತ್ತಿರುವ ಅನುಮಾನ ಬಂದರೆ ಅವಳದೊಂದು ಪರೀಕ್ಷೆಯಿತ್ತು. ಅದೇ ಧಾಟಿಯಲ್ಲಿ, ದನಿ ಒಂದಿಷ್ಟೂ ಬದಲಿಸದೆ ಹೇಳುತ್ತಿದ್ದಳು:

"ಆಮ್ಯಾಲ ರಾಜ ಎದ್ದ. ಗಾದಿ ಮಡಚಿದ. ಚಟ್ನಿ ಹಚ್ಚಿಕೊಂಡು ತಿಂದ."

"ಹೂಂ."

ದಾರ ಕಚ್ಚಿದ್ದ ಬಾಯಿಗಳೆಲ್ಲ ಒಮ್ಮೆಲೇ ಬಿಟ್ಟು ನಗುತ್ತಿದ್ದವು. ಆ ಪರೀಕ್ಷೆಯಲ್ಲಿ ನಾನು ಎಷ್ಟು ಸಲ ನಪಾಸಾದೆ ಎಂಬ ಲೆಕ್ಕ ನನ್ನಲ್ಲಿಲ್ಲ. ಆಗ ಇನ್ನೂ ದಿನಚರಿ ಶುರುವಾಗಿರಲಿಲ್ಲ, ದೇವರು ದೊಡ್ಡವನು.

ಹಗಲು ಹೊತ್ತಿನಲ್ಲಿ ಕತೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ ಎನ್ನುತ್ತಾರೆ. ನಿಮ್ಮ ಮನೆಯಲ್ಲೂ ಯಾರಾದರೂ ಹೇಳಿರಬೇಕು. ಪಡಸಾಲೆಯ ಹೆಂಗಸರಲ್ಲಿ ಯಾರಾದರೂ ಅದನ್ನು ನೆನಪಿಸಿದರೆ ದೊಡ್ಡವ್ವನ ಉತ್ತರ ಸಿದ್ಧವಿರುತ್ತಿತ್ತು. "ತಪ್ಪಲಿ ಬಿಡ. ನನ್ನ ತಮ್ಮ ಒಂದ ಸಲನಾರ ದಾರಿ ತಪ್ಪಿದ್ರ ಅವಂಗೂ ನಾಕು ಊರು ನೋಡಿದಂಗ ಆಗತೈತಿ."

ಮುಂದೆ ದಿನಚರಿ ಶುರುವಾದಾಗ ನಾನು ಮಾಡಿದ ಮೊದಲ ಕೆಲಸಗಳಲ್ಲಿ ಇದೂ ಒಂದು. ಪುಟದ ನಡುವೆ ಗೆರೆ ಎಳೆದು, ಎಡಕ್ಕೆ "ಹಗಲು ಕತೆ", ಬಲಕ್ಕೆ "ಮಾವ ತಪ್ಪಿದ್ದು" ಎಂದು ಬರೆದೆ. ಎಡಗಡೆ ಗೀಟುಗಳು ಇರುವೆಯ ಸಾಲಿನಂತೆ ಬೆಳೆದವು. ಬಲಗಡೆ ಖಾಲಿ. ಐದು ಬೇಸಿಗೆ, ಒಂದೇ ಒಂದು ಗೀಟು ಇಲ್ಲ. ಖಾಜಾ ಮಾವ ಹೇಳಿದ ಹೊತ್ತಿಗೆ ಬರುತ್ತಿದ್ದ, ಹಾರನ್ ಎರಡು ಸಲ ಒತ್ತುತ್ತಿದ್ದ. ದೊಡ್ಡವ್ವ ಹೊರಗೆ ಇಣುಕಿ, "ಬಂದನೇನ ಮತ್ತ ಸೀದಾ ದಾರಿಲೆ?" ಎಂದು ಒಳಗೊಳಗೇ ಸಪ್ಪಗಾಗುತ್ತಿದ್ದಳು. ತನ್ನ ಕತೆಗೆ ಅಷ್ಟೂ ಕಸುವಿಲ್ಲವೇ ಎಂದು ಅವಳಿಗೆ ಅನಿಸುತ್ತಿತ್ತೋ ಏನೋ.

ಇನ್ನು ನಾನು ಮಾಡಿದ ಘನಕಾರ್ಯಕ್ಕೆ ಬರುತ್ತೇನೆ.

ಹೋದ ಅಕ್ಟೋಬರಿನಲ್ಲಿ ದೇಶನೂರಿಗೆ ಹೋದಾಗ ದೊಡ್ಡವ್ವನ ಒಂದು ಕತೆಯನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡೆ. ಅವಳ ಮಗಳು ಹಸೀನಾ ಕುರುಗೋಡಿನಲ್ಲಿ ಪ್ರಾಥಮಿಕ ಶಾಲೆಯ ಟೀಚರು. ತರಗತಿಯಲ್ಲಿ ಕೇಳಿಸಲು ಬೇಕೆಂದು ಅವಳೇ ಕೇಳಿದ್ದಳು. ದೊಡ್ಡವ್ವ ಹೇಳಿದಳು, ನಾನು ಎಂದಿನಂತೆ ಹೂಂಗುಟ್ಟಿದೆ. ಮನೆಗೆ ಬಂದು ಕೇಳಿದರೆ ನನಗೇ ನಾಚಿಕೆಯಾಯಿತು. ಕತೆಯ ತುಂಬ ನನ್ನ ಹೂಂ, ಅನ್ನದಲ್ಲಿ ಕಲ್ಲಿನ ಹಾಗೆ. ಕೂತು ಒಂದೊಂದನ್ನೇ ಆರಿಸಿ ತೆಗೆದೆ. ತೆಗೆದ ಮೇಲೆ ಅಲ್ಲಲ್ಲಿ ಸುಮ್ಮನೆ ಖಾಲಿ ಉಳಿಯಿತು. ಅದನ್ನೂ ಕತ್ತರಿಸಿ ತುದಿಗೆ ತುದಿ ಕೂಡಿಸಿದೆ. ಮೂವತ್ತೆಂಟು ನಿಮಿಷದ ಕತೆ ಇಪ್ಪತ್ನಾಲ್ಕು ನಿಮಿಷಕ್ಕೆ ಇಳಿಯಿತು. ಹದಿನಾಲ್ಕು ನಿಮಿಷದ ಉಳಿತಾಯ ಎಂದು ದಿನಚರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದದ್ದು ಈಗಲೂ ಇದೆ, ನೋಡಿದರೆ ಮುಖ ಬಿಸಿಯಾಗುತ್ತದೆ.

ನವೆಂಬರಿನಲ್ಲಿ ಹಸೀನಾ ಫೋನ್ ಮಾಡಿದಳು. "ಶಮ್ಮು, ನೀ ಕಳಿಸಿದ್ದನ್ನ ಕ್ಲಾಸಿನ್ಯಾಗ ಹಚ್ಚಿದ್ದೆ ನೋಡು. ಹುಡುಗ್ರು ಕೂಡಲಿಲ್ಲ. ಐದು ನಿಮಿಷಕ್ಕ ಒಬ್ಬ ನೀರಿಗೆ ಎದ್ದ, ಒಬ್ಬಾಕಿ ಜಡಿ ಬಿಚ್ಚಿ ಮತ್ತ ಹಾಕ್ಕೊಂಡ್ಲು. ಕಡೀಕ ಒಬ್ಬ ಕೇಳಿದ, ಟೀಚರ್, ಈ ಅಜ್ಜಿಗೆ ಬಸ್ಸು ತಪ್ತೈತೇನ್ರಿ?"

ನಾನು ನಕ್ಕೆ. ಹಸೀನಾ ನಗಲಿಲ್ಲ. ಅವಳು ಅದನ್ನು ತನ್ನ ತಾಯಿಗೂ ಕೇಳಿಸಿದ್ದಳು, ಹುಡುಗರು ಏನಂದರೆಂದೂ ಹೇಳಿಬಿಟ್ಟಿದ್ದಳು. ದೊಡ್ಡವ್ವ ಪೂರ್ತಿ ಕೇಳಿ, ದಬ್ಬಣ ಅರಳೆಯಲ್ಲಿ ಚುಚ್ಚಿಟ್ಟು ಒಂದೇ ಮಾತು ಅಂದಳಂತೆ. "ಅರಳಿ ಹಿಂಜದ ತುಂಬಿದ ಗಾದಿ ಆಗೇತಿ. ಕಲ್ಲು. ಇದು ನನ್ನ ಕತಿ ಆಗಿದ್ರ, ನನ್ನ ಕತಿ ಕಾಲ ಮುಗೀತು ಬಿಡು."

ಅಂದಿನಿಂದ ಪಡಸಾಲೆಯಲ್ಲಿ ಕತೆ ಬಂದ್. ಹೆಂಗಸರು ಕೇಳಿದರೆ, "ಮಕ್ಕಳಿಗೆ ಬ್ಯಾಡಾದ ಕತಿ ಮುದುಕ್ಯಾರಿಗೆ ಯಾಕ?" ಎನ್ನುತ್ತಿದ್ದಳಂತೆ. ಡಿಸೆಂಬರಿನಲ್ಲಿ ನಾನೇ ಹೋಗಿ ಎದುರಿಗೆ ಕೂತು ಹೂಂ ಅಂದೆ, ಕತೆ ಶುರುವಾಗುವ ಮೊದಲೇ. ದೊಡ್ಡವ್ವ ತಲೆ ಎತ್ತಲಿಲ್ಲ. ಅಲ್ಲೇ ಗಾದಿ ಎತ್ತಲು ಬಂದಿದ್ದ ಖಾಜಾ ಮಾವ ಸುಮ್ಮನಿರಬೇಕಲ್ಲ! "ಅಕ್ಕ, ನೀ ಕತಿ ಬಿಟ್ಟದ್ದು ಚಲೋ ಆತು. ಮೂವತ್ತು ವರ್ಷ ಗಾಡಿ ಹೊಡದೀನಿ, ಒಂದ ಸಲ ದಾರಿ ತಪ್ಪಿಲ್ಲ. ಇನ್ನ ಆ ಹೆದರಿಕಿನೂ ಇಲ್ಲ ನೋಡು!" ಎಂದ. ಅವನದು ತಮಾಷೆ. ದೊಡ್ಡವ್ವ ಯಾವಾಗಲೂ ಅದಕ್ಕೆ ಎರಡರಷ್ಟು ತಿರುಗಿಸಿ ಕೊಡುವವಳು, ಆ ದಿನ ಬರೀ ದಾರ ಪೋಣಿಸಿದಳು. ನಾನು ಆ ಮನೆಯಲ್ಲಿ ಅಷ್ಟು ಸುಮ್ಮನಿದ್ದ ಮಧ್ಯಾಹ್ನ ನೋಡಿಯೇ ಇರಲಿಲ್ಲ. ದೊಡ್ಡವ್ವನ ಬಾಯಿಂದ ಮತ್ತೆ ಕತೆ ಹೊರಡಿಸಬೇಕು. ವಾಪಸ್ ಬರುವ ದಾರಿಯಲ್ಲೆಲ್ಲ ನನಗೆ ಇದೊಂದೇ ಯೋಚನೆ.

ನಾನು ಯಾವುದನ್ನೂ ಅಳಿಸುವವಳಲ್ಲವಾದ್ದರಿಂದ ಮೂವತ್ತೆಂಟು ನಿಮಿಷದ ಮೂಲ ಧ್ವನಿಮುದ್ರಣ ಹಾಗೆಯೇ ಉಳಿದಿತ್ತು. ಹೋದ ವಾರ, ಶನಿವಾರ ಸಂಜೆ, ಅಡುಗೆಮನೆಯಲ್ಲಿ ಅದನ್ನು ಹಚ್ಚಿಟ್ಟು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಏನೋ ಡಿಕ್ಕಿ ಹೊಡೆಯುತ್ತಿರುವ ಹಾಗೆ ಕೇಳಿಸಿತು. ಗಮನಿಸಿದರೆ ಎರಡು ಹೂಂ. ಒಂದು ಫೋನಿನೊಳಗಿನ ನನ್ನದು. ಇನ್ನೊಂದು ಅವ್ವನದು. ಅವ್ವ ಹೂಂ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೂಂ ಅಡ್ಡ ಬರುತ್ತಿತ್ತು. ಬಾಗಿಲಲ್ಲಿ ಇಬ್ಬರು ಒಟ್ಟಿಗೆ ನುಗ್ಗಿದ ಹಾಗೆ.

"ಅವ್ವ, ನೀ ಹೂಂ ಅನ್ನಾಕತ್ತಿ."

"ನಾನಾ? ಇಲ್ಲವ್ವ," ಎಂದು ಅವ್ವ ಇನ್ನೊಂದು ಉಂಡೆ ತಟ್ಟಿದಳು. ಅರ್ಧ ನಿಮಿಷಕ್ಕೆ ಮತ್ತೆ ಹೂಂ ಅಂದಳು.

ಬೆಳ್ಳುಳ್ಳಿ ಅಲ್ಲೇ ಬಿಟ್ಟು ಎದ್ದೆ. ಮತ್ತೆ ನನ್ನ ಹೂಂಗಳನ್ನು ತೆಗೆದೆ. ಆದರೆ ಈ ಸಲ ಅವುಗಳ ಜಾಗ ಮುಟ್ಟಲಿಲ್ಲ. ನಾನು ಎಲ್ಲಿ ಎಷ್ಟು ಹೊತ್ತು ಹೂಂ ಅಂದಿದ್ದೆನೋ ಅಲ್ಲಿ ಅಷ್ಟು ಹೊತ್ತು ಬರೀ ಖಾಲಿ. ಅದನ್ನು ನಮ್ಮ ಮನೆಯವರ ಫೋನಿನ ಗುಂಪಿಗೆ ಹಾಕಿದೆ. ಯಾರೂ ತೆರೆದ ಗುರುತು ಕಾಣಲಿಲ್ಲ. ದೊಡ್ಡವ್ವನದು ಬಟನ್ ಫೋನು. ಮರುದಿನ, ಜನವರಿ ಹನ್ನೊಂದರ ಭಾನುವಾರ, ನಾನೇ ಹೋಗಿ ಕೇಳಿಸುವುದೆಂದು ಸಿರುಗುಪ್ಪದ ಬಸ್ಸು ಹತ್ತಿದೆ.

ಬಸ್ಸು ಬಿಟ್ಟ ಮೇಲೆ ಒಂದು ಸಲ ಪರೀಕ್ಷಿಸಿ ನೋಡೋಣವೆಂದು ಹಚ್ಚಿದೆ. ಕಿವಿಗೆ ಹಾಕುವ ವೈರು ಮನೆಯಲ್ಲೇ ಉಳಿದಿತ್ತು, ಫೋನನ್ನೇ ಕಿವಿಗೆ ಹಿಡಿದೆ. ಇಂಜಿನ್ ಗದ್ದಲಕ್ಕೆ ಕೇಳಿಸದೆ ಸದ್ದು ಜಾಸ್ತಿ ಮಾಡಿದೆ. ಪಕ್ಕದಲ್ಲಿ ಹೊಸ ಅಲ್ಯೂಮಿನಿಯಂ ಡಬರಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದಳು, ವಯಸ್ಸು ಐವತ್ತರ ಮೇಲೆ. ಸ್ವಲ್ಪ ಹೊತ್ತು ನನ್ನ ಫೋನನ್ನೂ ನನ್ನ ಮುಖವನ್ನೂ ನೋಡಿದಳು. ಆಮೇಲೆ ತಡೆಯದಾದಳು.

"ಏನವ್ವ ತಂಗಿ, ಆಗಿನಿಂದ ನೋಡಾಕತ್ತೀನಿ. ಹಿರ್ಯಾಕಿ ಅಷ್ಟು ಚಂದ ಮಾತಾಡಾಕತ್ತಾಳ, ನೀನು ನಡುನಡುವ ಒಂದ ಹೂಂ ಅನಬಾರದೇನು? ಪಾಪ, ಕಾಯ್ತಾಳ ಅಕಿ!"

ನಾನು ಉತ್ತರ ಕೊಡುವ ಮೊದಲೇ ಮುಂದಿನ ಖಾಲಿ ಜಾಗ ಬಂತು. ಅವಳು ನನ್ನ ಕೈಯನ್ನು ಫೋನಿನ ಸಮೇತ ತನ್ನ ಬಾಯಿಯ ಹತ್ತಿರ ಎಳೆದುಕೊಂಡು, "ಹೂಂ, ಹೇಳ್ರಿ ಅಕ್ಕಾ, ನಾ ಕೇಳಾಕತ್ತೀನಿ," ಎಂದಳು.

ದೊಡ್ಡವ್ವ ಮುಂದಿನ ಮಾತು ಹೇಳಿದಳು. ಸರಿಯಾಗಿ ಆಗಲೇ.

ಕತೆ ಹೀಗಿದೆ. ಹೊಳೆಯ ಈಚೆ ದಡದಲ್ಲಿ ಮದುಮಗ, ಆಚೆ ದಡದಲ್ಲಿ ಮದುಮಗಳು. ದಿಬ್ಬಣ ಹರಿಗೋಲಿನಲ್ಲಿ ಹೊರಡುತ್ತದೆ. ನಡುನೀರಿಗೆ ಬಂದಾಗ ಹರಿಗೋಲು ನಿಂತುಬಿಡುತ್ತದೆ. ಹೊಳೆ ಕೂಲಿ ಕೇಳುತ್ತದೆ. ದುಡ್ಡಲ್ಲ, ಒಬ್ಬೊಬ್ಬರು ಒಂದೊಂದು ಸುಳ್ಳು ಹೇಳಬೇಕು. ಮದುಮಗನ ಅಪ್ಪ, "ನಾ ಒಂದ ಪೈಸೆ ವರದಕ್ಷಿಣಿ ಕೇಳಿಲ್ಲ," ಅಂತಾನೆ, ಹರಿಗೋಲು ಒಂದು ಮಾರು ಮುಂದೆ ಹೋಗುತ್ತದೆ. ಅವನ ಅವ್ವ, "ನಾ ಸೊಸಿಗೆ ಎಂದೂ ಎದುರಾಡಂಗಿಲ್ಲ," ಅಂತಾಳೆ, ಎರಡು ಮಾರು ಹೋಗುತ್ತದೆ. ಕಡೆಗೆ ಮದುಮಗನ ಸರದಿ. ಅವನು ಹುಟ್ಟಿದಂದಿನಿಂದ ಸುಳ್ಳು ಹೇಳಿಲ್ಲ. ಅವನ ಬಾಯಿಗೆ ಸುಳ್ಳು ಬರುವುದಿಲ್ಲ, ಹರಿಗೋಲು ನಿಂತಲ್ಲೇ ನಿಂತಿದೆ.

ಸ್ವಲ್ಪ ಹೊತ್ತಿನಲ್ಲೇ ಹಿಂದಿನ ಸೀಟಿನಿಂದ ಎರಡು ಹೂಂ ಸೇರಿದವು. ಆಮೇಲೆ ನಿಂತವರ ಕಡೆಯಿಂದ ಒಂದು ದಪ್ಪ ಹೂಂ. ಅತ್ತೆಯ ಸುಳ್ಳು ಬಂದಾಗ ಹೆಂಗಸರ ಸೀಟುಗಳೆಲ್ಲ ಮೂಗಿನಿಂದ ಹ್ಞೂಂ ಎಳೆದವು. ಯಾರೂ ಅವರಿಗೆ ಕಲಿಸಿರಲಿಲ್ಲ. ಅಷ್ಟರಲ್ಲಿ ಕಂಡಕ್ಟರ್ ಬಂದ.

"ತೆಕ್ಕಲಕೋಟೆ ಬಂತು. ಯಾರ್ರಿ ಇಳಿಯೋರು? ಡಬರಿ ಅಮ್ಮ, ನಿಮ್ಮದು ಇಲ್ಲೇ ಅಲ್ಲೇನ್ರಿ?"

"ತಡಿಯಪ್ಪ, ಹುಡುಗ ಹೊಳಿ ನಡುವ ಅದಾನ!"

"ಯಾವ ಹುಡುಗ?"

"ನೀ ಸಿರುಗುಪ್ಪಕ್ಕ ಇನ್ನೊಂದು ಟಿಕೇಟು ಹರಿ. ನಮ್ಮ ಹತ್ರ ದುಡ್ಡು ಇಲ್ಲೇನು?"

ಕಂಡಕ್ಟರ್ ಟಿಕೇಟು ಕೊಟ್ಟ. ಕೊಟ್ಟು ಮುಂದೆ ಹೋಗದೆ ಕಂಬಿ ಹಿಡಿದು ಅಲ್ಲೇ ನಿಂತ. ಮುಂದಿನ ಖಾಲಿ ಜಾಗಕ್ಕೆ ಅವನದೂ ಹೂಂ ಬಂತು, ಸೀಟಿ ಊದುವವನ ದನಿಯಲ್ಲಿ.

ಮದುಮಗ ಕಣ್ಣು ಮುಚ್ಚುತ್ತಾನೆ. ಹುಟ್ಟಿದ ಮೇಲೆ ಮೊದಲ ಸುಳ್ಳು ಹೇಳುತ್ತಾನೆ: "ನನಗ ಈ ಮದುವಿ ಬ್ಯಾಡ." ಹರಿಗೋಲು ಬಾಣದ ಹಾಗೆ ಹೊರಟು ದಡ ಮುಟ್ಟುತ್ತದೆ. ಆದರೆ ಆ ಮಾತು ದಡದ ಮೇಲೆ ಮಾಲೆ ಹಿಡಿದು ನಿಂತ ಹುಡುಗಿಗೂ ಕೇಳಿದೆ. ಅವಳು ಹಿಂತಿರುಗುತ್ತಾಳೆ, ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಅಲ್ಲಿಗೆ ನನ್ನ ಫೋನಿನ ಬ್ಯಾಟರಿ ಮುಗಿಯಿತು.

ಕೆಟ್ಟು ನಿಂತ ಬಸ್ಸಿನಲ್ಲೂ ನಾನು ಅಷ್ಟು ಗದ್ದಲ ಕೇಳಿರಲಿಲ್ಲ. "ಏ, ಏನಾತಲೇ?" "ಹಚ್ಚವ್ವ!" "ಬಾಗಲಾ ತಗದ್ಲೋ ಇಲ್ಲೋ?" ನಾನು ಫೋನನ್ನು ಎಲ್ಲರಿಗೂ ತೋರಿಸಿದೆ, ಕಪ್ಪು ಪರದೆ. ಕತೆಯ ಕೊನೆ ನನಗೆ ಗೊತ್ತಿತ್ತಲ್ಲ, ನಾನೇ ಹೇಳುವುದೆಂದು ಗಂಟಲು ಸರಿ ಮಾಡಿಕೊಂಡೆ. "ನೋಡ್ರಿ, ಕೊನೆಯಲ್ಲಿ ಏನಾಗುತ್ತದೆಂದರೆ, ಮೊದಲನೆಯದಾಗಿ..."

ಡಬರಿಯ ಹೆಂಗಸು ನನ್ನ ಬಾಯಿಯ ಮೇಲೆ ಕೈಯಿಟ್ಟಳು. "ಬ್ಯಾಡವ್ವ ತಂಗಿ. ನೀ ರಿಪೋಟು ಓದಿದಂಗ ಓದ್ತಿ. ಅಕಿ ಎಲ್ಲಿ ಅದಾಳ, ಆ ಹೇಳಾಕಿ?"

"ದೇಶನೂರಾಗ."

"ನಡಿ ಹೋಗೂಣು."

ಅವಳ ಹೆಸರು ಈರಮ್ಮ. ಸಿರುಗುಪ್ಪದಲ್ಲಿ ಇಳಿದು ದೇಶನೂರಿನ ಟಂಟಂ ಆಟೊ ಹತ್ತಿದಾಗ ಅವಳ ಮಗನ ಫೋನು ಬಂತು. "ಎಲ್ಲಿದ್ದೀ ಅಂದ್ರ? ದೇಶನೂರಿಗೆ ಹೊಂಟೀನಿ. ಯಾರ ಮನಿಗಾ? ನನಗೇನು ಗೊತ್ತಲೇ! ಒಬ್ಬಾಕಿ ಬಾಗಲಾ ಹಾಕ್ಕೊಂಡು ಕುಂತಾಳ, ಅದನ್ನ ತಗಸಿ ಬರ್ತೀನಿ. ಉಣ್ಣು ನೀನು." ಮಗ ಏನು ತಿಳಿದುಕೊಂಡನೋ.

ದೊಡ್ಡವ್ವ ಪಡಸಾಲೆಯಲ್ಲಿ ಇಬ್ಬರು ಹೆಂಗಸರೊಂದಿಗೆ ಹೊಲಿಯುತ್ತಿದ್ದಳು. ನಾನು ವಿಷಯ ಹೇಳಿದೆ. ಅವಳು ಈರಮ್ಮನಿಗೆ ನೀರು ಕೊಟ್ಟು, ಕೂರಿಸಿ, ನಿಧಾನವಾಗಿ ಹೇಳಿದಳು. "ದೂರ ಬಂದೀರಿ ಅಕ್ಕಾ, ಊಟ ಮಾಡಿ ಹೋಗ್ರಿ. ಕತಿ ಮಾತ್ರ ಕೇಳಬ್ಯಾಡ್ರಿ. ಬಿಟ್ಟೀನಿ."

"ಬಿಟ್ಟೀನಿ ಅಂದ್ರ?" ಈರಮ್ಮ ಡಬರಿಯನ್ನು ನೆಲಕ್ಕೆ ಕುಟ್ಟಿದಳು. "ಮದುಮಗನ್ನ ದಂಡಿ ಮ್ಯಾಲ ನಿಲ್ಲಿಸಿ ನೀ ಇಲ್ಲಿ ಗಾದಿ ಹೊಲ್ಯಾಕ ಕುಂತೀಯೇನು? ನಾ ನಮ್ಮೂರು ಬಿಟ್ಟು ಬಂದೀನಿ ತಾಯಿ. ಮನ್ಯಾಗ ಸಾರು ಕುದಿಸಿಲ್ಲ, ಮಗ ಉಂಡಿಲ್ಲ."

ದೊಡ್ಡವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಮತ್ತೆ ದಬ್ಬಣ ಚುಚ್ಚಿದಳು. ನನಗೆ ಇನ್ನು ಮುಗಿಯಿತು ಅನಿಸಿತು. ಆಗ, ದನಿಯಲ್ಲಿ ಒಂದಿಷ್ಟೂ ಬದಲಿಲ್ಲದೆ, ಹೊಲಿಗೆಯ ಮೇಲಿನ ಕಣ್ಣು ತೆಗೆಯದೆ, ಅವಳು ಹೇಳಿದಳು:

"ಆಮ್ಯಾಲ ಮದುಮಗ ಎದ್ದ. ಗಾದಿ ಮಡಚಿದ. ಚಟ್ನಿ ಹಚ್ಚಿಕೊಂಡು ತಿಂದ."

ನನ್ನ ಗಂಟಲಲ್ಲಿ ಹಳೆಯ ಹೂಂ ಎದ್ದು ನಿಂತಿತು, ನುಂಗಿಕೊಂಡೆ.

"ಏ, ಹೋಗ!" ಎಂದಳು ಈರಮ್ಮ. "ಇನ್ನೂ ಮದುವೀನ ಆಗಿಲ್ಲ, ಗಾದಿ ಯಾರು ಕೊಟ್ರು ಅವಂಗ?"

ದೊಡ್ಡವ್ವನ ತುಟಿಯ ದಾರ ಕೆಳಗೆ ಬಿತ್ತು. ನಕ್ಕಳು. ಎಷ್ಟು ತಿಂಗಳಾಗಿತ್ತೋ ಆ ನಗು ಕೇಳಿ. ದಬ್ಬಣವನ್ನು ಗಾದಿಯಲ್ಲಿ ನೆಟ್ಟು, ಕಾಲು ಮಡಚಿ, ಸೆರಗು ಸರಿ ಮಾಡಿಕೊಂಡಳು.

"ಎಲ್ಲೀತನಕ ಬಂದಿತ್ತು ಕತಿ?"

"ಬಾಗಲಾ ಹಾಕ್ಕೊಂಡಾಳ. ಆದ್ರ ನೀ ಮೊದಲಿಂದ ಹೇಳು. ಬಸ್ಸಿನ್ಯಾಗ ಆ ಕಂಡಕ್ಟರ್ ಸೀಟಿ ಊದಿ ಊದಿ ಅರ್ಧ ಕೇಳಿಲ್ಲ."

ಮೊದಲಿಂದ ಶುರುವಾಯಿತು. ನಾನು ಅಭ್ಯಾಸಬಲದಿಂದ ಹೂಂ ಅಂದೆ. ದೊಡ್ಡವ್ವ ಕಣ್ಣಲ್ಲೇ ನನ್ನನ್ನು ಪಕ್ಕಕ್ಕೆ ಸರಿಸಿದಳು. "ನೀ ಸುಮ್ನ ಕೂಡವ್ವ. ನಿನ್ನ ನೌಕರಿ ಹೋತು." ಈರಮ್ಮನ ಹೂಂ ನನ್ನದರ ಹಾಗಲ್ಲ. ಹೂಂ ಅನ್ನುತ್ತಾಳೆ, ಬೈಯುತ್ತಾಳೆ, ಅತ್ತೆಯ ಸುಳ್ಳಿಗೆ ತನ್ನ ಅತ್ತೆಯ ಹೆಸರು ಹಿಡಿದು ಶಪಿಸುತ್ತಾಳೆ. ಅದಕ್ಕೆ ತಕ್ಕ ಹಾಗೆ ಕತೆ ಎಲ್ಲೆಲ್ಲಿಗೋ ಹೊರಳಿತು. ನಾನು ಕೇಳಿಯೇ ಇರದ ಒಬ್ಬ ಸೋದರತ್ತೆ ಹರಿಗೋಲಿಗೆ ಹತ್ತಿಬಂದಳು, ಅವಳು ಹೇಳಿದ ಸುಳ್ಳಿಗೆ ಹರಿಗೋಲು ಕೆಂಚನಗುಡ್ಡದ ತನಕ ಹೋಗಿ ವಾಪಸ್ ಬಂತು. ಅಕ್ಕಪಕ್ಕದವರು ಬಂದು ಬಾಗಿಲಲ್ಲಿ ನಿಂತರು, ಆಮೇಲೆ ಒಳಗೆ ಬಂದರು, ಆಮೇಲೆ ಕೂತರು. ಗಾದಿಯ ಮೇಲೂ ಕೂತರು. ದೊಡ್ಡವ್ವ ಯಾರಿಗೂ ಏಳು ಅನ್ನಲಿಲ್ಲ.

ಬಾಗಿಲು ಹಾಕಿಕೊಂಡ ಹುಡುಗಿಯನ್ನು ಹೊರಗಿನಿಂದ ಅವಳ ಅವ್ವ ಕೇಳುತ್ತಾಳೆ: "ಈ ಹುಡುಗ ನಿನಗ ಬ್ಯಾಡೇನ?"

"ಹೂಂ..." ಪಡಸಾಲೆಯೆಲ್ಲ ಒಂದೇ ದನಿ, ಬಹಳ ಸಣ್ಣದು.

ಒಳಗಿನಿಂದ ಹುಡುಗಿ, "ಬ್ಯಾಡ," ಅಂತಾಳೆ.

ದೊಡ್ಡವ್ವ ನಿಲ್ಲಿಸಿದಳು. ಯಾರೂ ಹೂಂ ಅನ್ನಲಿಲ್ಲ. ಆ ಜಾಗವನ್ನು ಅವಳು ಹಾಗೆಯೇ ಬಿಟ್ಟಳು, ಮುಚ್ಚಲಿಲ್ಲ.

"ಅಂದದ್ದ ತಡ, ಹೊಳಿ ಎದ್ದು ಬಂತು. ದಂಡಿ ಏರಿತು, ಓಣಿಗೆ ಬಂತು. ಹರಿಗೋಲು ಎತ್ತಿಕೊಂಡು ಹೋಗಿ, ಮದುಮಗನ ಸಮೇತ, ಅಕಿ ಹೊಸ್ತಿಲಕ್ಕ ಇಟ್ಟಿತು. ಯಾಕ? ಆ ಹೊಳಿ ಹರಿಗೋಲು ನಡಸೋದು ಬರೇ ಸುಳ್ಳಿಗೆ."

ಆಮೇಲೆ ಈರಮ್ಮ ತೊಡೆ ತಟ್ಟಿಕೊಂಡು ಕೂಗಿದಳು. "ಸುಳ್ಳು ಹೇಳ್ಯಾಳ! ಬೇಕು ಅಂವ, ಬೇಕು ಅಕಿಗೆ! ಸಿಕ್ಕಬಿದ್ಲು ನೋಡ್ರೆ!" ಕೂತವರೆಲ್ಲ ಎದ್ದರು, ನಿಂತವರು ಕೂತರು, ಯಾರೋ ಡಬರಿಯನ್ನು ಮಗುಚಿ ಹಾಕಿ ಬಾರಿಸಿದರು.

ಆ ಗದ್ದಲದಲ್ಲೇ ಗೋಡೆಯ ಹತ್ತಿರ ಚಾರ್ಜಿಗೆ ಹಾಕಿದ್ದ ನನ್ನ ಫೋನು ಬಡಿದುಕೊಂಡಿತು. ಖಾಜಾ ಮಾವ. ನನ್ನನ್ನೂ ಗಾದಿಗಳನ್ನೂ ಕರೆದೊಯ್ಯಲು ಎರಡು ಗಂಟೆಗೆ ಬರುತ್ತೇನೆ ಎಂದಿದ್ದ. ಆಗಲೇ ಮೂರಾಗಿತ್ತು. ಯಾರೂ ಗಮನಿಸಿರಲಿಲ್ಲ, ನಾನೂ.

"ಶಮ್ಮು, ಅಕ್ಕಗ ಹೇಳಬ್ಯಾಡ," ಎಂದ ಮಾವ, ಪಿಸುಮಾತಿನಲ್ಲಿ. ಫೋನು ಸ್ಪೀಕರಿನಲ್ಲಿತ್ತು, ಪಡಸಾಲೆ ಪೂರ್ತಿ ಸುಮ್ಮನಾಯಿತು. "ನಾ ಕುರುಗೋಡಿನ್ಯಾಗ ಅದೀನಿ."

"ಕುರುಗೋಡಾ? ಅಲ್ಲಿಗೆ ಯಾಕ ಹೋದಿ ಮಾವ?"

"ಹೋಗಿಲ್ಲಲೇ, ಬಂದುಬಿಟ್ಟೀನಿ! ನೀ ಗುಂಪಿಗೆ ಹಾಕಿದ್ದಿಯಲ್ಲ, ಅಕ್ಕನ ಕತಿ. ಹೊತ್ತು ಹೋಗಲಿ ಅಂತ ಗಾಡ್ಯಾಗ ಹಚ್ಚಿದೆ. ಆ ಹರಿಗೋಲು ನಿಂತ್ಬಿಡ್ತು ನೋಡು, ನಾನೂ ಹೂಂ ಅನ್ಕೋತ ಹೊಂಟೆ. ಎಲ್ಲಿ ಹೊಳ್ಳಿದ್ನೋ, ಯಾವ ಕ್ರಾಸಿಗೆ ಹೊಳ್ಳಿದ್ನೋ, ದೇವರಾಣೆ ಗೊತ್ತಿಲ್ಲ. ಕಣ್ಣು ತಗದು ನೋಡಿದ್ರ ಹಸೀನಾನ ಮನಿ ಮುಂದ ನಿಂತೀನಿ!"

ಅವನ ಹಿಂದೆ ಏನೋ ಸದ್ದು. ಹಸೀನಾ ಫೋನು ಕಸಿದುಕೊಂಡಳು. "ಅವ್ವಾ, ಕೇಳ್ತೀ ಏನ? ಮಾವ ಗಾಡ್ಯಾಗ ಹಚ್ಚಿಟ್ಟಾನ. ಓಣಿ ಹುಡುಗ್ರೆಲ್ಲ ಗಾಡಿ ಹತ್ತಿ ಕುಂತಾವ. ನಮ್ಮ ಸಾಲಿ ಹುಡುಗ್ರ ಇವು, ಅವತ್ತು ನೀರಿಗೆ ಎದ್ದಾಂವನೂ ಅದಾನ. ಕೇಳು!"

ಕೇಳಿಸಿತು. ಅರವತ್ತು ಕಿಲೋಮೀಟರಿನಾಚೆ, ಗೂಡ್ಸ್ ಗಾಡಿಯೊಳಗೆ, ದೊಡ್ಡವ್ವನ ದನಿ ಒಂದು ಮಾತು ಹೇಳಿ ನಿಂತಿತು. ಅಲ್ಲಿ ನಾನು ಮುಟ್ಟದೆ ಬಿಟ್ಟ ಜಾಗ. ಅದರ ತುಂಬ, ಅಂಚು ತುಂಬಿ ಚೆಲ್ಲುವಷ್ಟು, ಮಕ್ಕಳ ಹೂಂ.

ದೊಡ್ಡವ್ವ ತನ್ನ ದನಿಯನ್ನು ತಾನೇ ಕೇಳುತ್ತ ಕೂತಳು. ಇನ್ನೊಂದು ಹೂಂ ಬಂತು, ಇನ್ನೊಂದು. ಕಣ್ಣು ಒರೆಸಿಕೊಳ್ಳುತ್ತಾಳೆಂದುಕೊಂಡೆ. ಅವಳು ಒರೆಸಿಕೊಂಡದ್ದು ಕೈಗಂಟಿದ ಅರಳೆಯನ್ನು. ಆಮೇಲೆ ಫೋನಿನ ಹತ್ತಿರ ಬಾಗಿ, ಮೂವತ್ತು ವರ್ಷದ ಬಾಕಿಯನ್ನೆಲ್ಲ ಸೇರಿಸಿ ಕೂಗಿದಳು:

"ಲೇ ಖಾಜಾ! ದಾರಿ ತಪ್ಪಿದೇನಲೇ?"

ಆಚೆ ಕಡೆ ಮಾವ ಫೋನು ವಾಪಸ್ ತೆಗೆದುಕೊಂಡ. "ಹೂಂ," ಎಂದ.

ಪಡಸಾಲೆ ಹಾರಿಹೋಗುವ ಹಾಗೆ ನಗು. ದೊಡ್ಡವ್ವ ನನ್ನ ಕಡೆ ತಿರುಗಿ, ಎದೆಯ ಮೇಲೆ ಕೈಯಿಟ್ಟುಕೊಂಡು, ರಾಣಿಯ ಹಾಗೆ ಹೇಳಿದಳು. "ಬರಕೋ ಶಮ್ಮು. ನಿನ್ನ ಬುಕ್ಕಿನ್ಯಾಗ ಬಲಗಡೆ ಒಂದು ಗೀಟು ಹಾಕು. ದಪ್ಪಗ ಹಾಕು."

ಹಾಕಿದ್ದೇನೆ. ಈ ಭಾನುವಾರ ಬೆಳಗ್ಗೆ ಮತ್ತೆ ಅದನ್ನೇ ನೋಡುತ್ತ ಕೂತಿದ್ದೇನೆ. ಕೆಳಗೆ ಮಾವ ಗಾಡಿ ಒರೆಸುತ್ತ, ಇವತ್ತು ದೇಶನೂರಿಗೆ ಕತೆ ಹಚ್ಚದೇ ಹೋಗುತ್ತೇನೆ ಎಂದು ಯಾರಿಗೋ ಹೇಳುತ್ತಿದ್ದಾನೆ. ಈರಮ್ಮ ಈ ವಾರ ಮಗನನ್ನೂ ಕರೆತರುತ್ತಾಳಂತೆ.

ಆದರೆ ಒಂದೇ ಗೀಟಿನಿಂದ ಯಾವ ಲೆಕ್ಕವೂ ಆಗುವುದಿಲ್ಲ. ಓದುವವರಲ್ಲಿ ಯಾರ ಸೋದರಮಾವನಾದರೂ ಹಗಲು ಕತೆಯಿಂದ ದಾರಿ ತಪ್ಪಿದ್ದರೆ, ಯಾವ ಊರಿಗೆ ಹೊರಟು ಯಾವ ಊರು ಮುಟ್ಟಿದ, ಕತೆ ಯಾವುದು, ಹೂಂ ಅಂದವರು ಯಾರು, ಇಷ್ಟನ್ನು ದಯವಿಟ್ಟು ಬರೆದು ತಿಳಿಸಿ. ಚಿಕ್ಕಪ್ಪಂದಿರು ಯಾಕೆ ತಪ್ಪುವುದಿಲ್ಲ ಎಂಬುದು ಗೊತ್ತಿದ್ದವರು ಅದನ್ನೂ ಬರೆಯಬೇಕು. ಪುಟದ ಬಲಗಡೆ ಬೇಕಾದಷ್ಟು ಜಾಗ ಬಿಟ್ಟಿದ್ದೇನೆ.